ಇ-ಸ್ಪೋರ್ಟ್ಸ್ ಸ್ಪರ್ಧೆಯಿಂದ ನಿವೃತ್ತಿ: ಬಿಟ್ಟು ಬಂದವರ ಅನುಭವಗಳು

ಸಲಹೆ ಕೇಳಿದವರು

ನನಗೆ 24 ವರ್ಷ. ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಆಟದ ತಂಡವೊಂದರಲ್ಲಿ ವೃತ್ತಿಪರ ಆಟಗಾರನಾಗಿದ್ದೇನೆ. ಮಾರ್ಚ್ ತಿಂಗಳಲ್ಲಿ ಒಪ್ಪಂದ ಮುಗಿಯುತ್ತದೆ. ಬಲಗೈ ಮಣಿಕಟ್ಟಿನ ನೋವು ಹೆಚ್ಚಾಗಿದ್ದು, ಹೊಸದಾಗಿ ಬರುತ್ತಿರುವ ಹುಡುಗರ ವೇಗಕ್ಕೆ ಸರಿಗಟ್ಟುವುದು ಕಷ್ಟವಾಗುತ್ತಿದೆ. ಬಿ.ಕಾಂ. ಎರಡನೇ ವರ್ಷಕ್ಕೇ ನಿಂತಿದೆ. ದಾವಣಗೆರೆಯಲ್ಲಿರುವ ಮನೆಯವರು ವಾಪಸು ಬಂದುಬಿಡು ಎನ್ನುತ್ತಿದ್ದಾರೆ. ಸ್ಪರ್ಧೆ ಬಿಟ್ಟವರು ಹೇಗೆ ಬಿಟ್ಟಿರಿ, ಆಮೇಲೆ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ, ಮಾಜಿ ಐಜಿಎಲ್

ಪಂದ್ಯದಲ್ಲಿ ತಂಡವನ್ನು ನಡೆಸುವ ಐಜಿಎಲ್ ಆಗಿದ್ದ ನಾನು ಈಗ ಟೂರ್ನಿಗಳ ನೇರಪ್ರಸಾರದಲ್ಲಿ ಅಬ್ಸರ್ವರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿವೃತ್ತಿಯ ಪೋಸ್ಟ್ ಹಾಕುವುದಕ್ಕೆ ಮೊದಲು ನಿಮ್ಮ ಒಪ್ಪಂದದ ಪತ್ರವನ್ನು ವಕೀಲರೊಬ್ಬರಿಗೆ ತೋರಿಸಿ. ನೋಟಿಸ್ ಅವಧಿ ಎಷ್ಟು, ತಂಡದಲ್ಲಿದ್ದಾಗ ಬೆಳೆಸಿದ ಚಾನೆಲ್ ಯಾರದ್ದು, ಬಾಕಿ ಬಹುಮಾನದಲ್ಲಿ ನಿಮ್ಮ ಪಾಲು ಎಷ್ಟು ಎಂಬ ಮೂರೂ ಬರವಣಿಗೆಯಲ್ಲಿ ಇತ್ಯರ್ಥವಾಗಬೇಕು. ಬಹುಮಾನದ ಹಣ ಸಂಸ್ಥೆಯ ಖಾತೆಗೆ ಬಂದು ಅಲ್ಲಿಂದ ಆಟಗಾರರಿಗೆ ಹಂಚಿಕೆಯಾಗುವ ವ್ಯವಸ್ಥೆಯಿದ್ದರೆ ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ನನ್ನ ಪಾಲು ತಂಡ ಬಿಟ್ಟು ಬಹಳ ಕಾಲವಾದ ಮೇಲೆ ಕೈಸೇರಿತು, ಅದೂ ಮೊತ್ತವನ್ನು ಮಿಂಚಂಚೆಯಲ್ಲಿ ದೃಢಪಡಿಸಿಕೊಂಡಿದ್ದರಿಂದ. ಬಹುಮಾನದ ಮೇಲೆ ಮೂಲದಲ್ಲೇ ತೆರಿಗೆ ಕಡಿತವಾಗಿದ್ದರೆ ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಒಪ್ಪಂದ ಮುಗಿದ ನಂತರವೂ ಬೇರೆಲ್ಲೂ ಕೆಲಸ ಮಾಡಕೂಡದೆಂಬ ಷರತ್ತು ಇದ್ದರೆ ಕೂಡಲೇ ಹೆದರಬೇಡಿ. ದುಡಿಮೆಗೆ ಅಡ್ಡಿಪಡಿಸುವ ಕರಾರುಗಳು ಸಾಮಾನ್ಯವಾಗಿ ಅಸಿಂಧು ಎಂದು 1872ರ ಭಾರತೀಯ ಕರಾರು ಕಾಯಿದೆಯ 27ನೇ ಸೆಕ್ಷನ್ ಹೇಳುತ್ತದೆ.

ಇನ್ನು ಕೆಲಸದ ವಿಚಾರ. ವೇಗ ಕಡಿಮೆಯಾದರೂ ಆಟವನ್ನು ಓದುವ ಶಕ್ತಿ ಉಳಿದಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ, ಏಕೆಂದರೆ ನನ್ನ ಈಗಿನ ಅನ್ನ ಅದರಿಂದಲೇ ಬರುತ್ತಿದೆ. ಹದಿನಾರು ತಂಡಗಳ 64 ಆಟಗಾರರು ನಕ್ಷೆಯಲ್ಲಿ ಚದುರಿರುವಾಗ, ಝೋನ್ (ಆಟಗಾರರು ಉಳಿಯಬಹುದಾದ ಸುರಕ್ಷಿತ ವಲಯ) ಕಿರಿದಾಗುತ್ತಿದ್ದಂತೆ ಯಾವ ಎರಡು ತಂಡಗಳು ಎದುರಾಗುತ್ತವೆ, ಯಾವ ತಂಡ ಅವರ ಬೆನ್ನ ಹಿಂದಿನಿಂದ ಬರುತ್ತದೆ ಎಂಬುದನ್ನು ಊಹಿಸಿ, ಮೊದಲ ಗುಂಡು ಹಾರುವ ಮುನ್ನವೇ ಕ್ಯಾಮೆರಾವನ್ನು ಅಲ್ಲಿಗೆ ಒಯ್ಯುವುದು ಅಬ್ಸರ್ವರ್‌ನ ಕೆಲಸ. ಗುಂಡಿನ ಸದ್ದು ಕೇಳಿದ ಮೇಲೆ ಹೋದರೆ ವೀಕ್ಷಕರಿಗೆ ಕಾಣುವುದು ಸತ್ತ ಆಟಗಾರರ ಜಾಗದಲ್ಲಿ ಉಳಿಯುವ ಪೆಟ್ಟಿಗೆಗಳು ಮಾತ್ರ. ಹಲವು ಸ್ಕ್ರಿಮ್‌ಗಳಲ್ಲಿ (ತಂಡಗಳ ನಡುವಿನ ಅಭ್ಯಾಸ ಪಂದ್ಯಗಳಲ್ಲಿ) ರೊಟೇಷನ್, ಅಂದರೆ ಝೋನ್ ಕಡೆಗೆ ತಂಡ ಸಾಗುವ ದಾರಿಯ ಲೆಕ್ಕ ಹಾಕಿದವರಿಗೆ ಇದು ಬೇಗ ಒಲಿಯುತ್ತದೆ. ಕೋಚ್, ಅನಲಿಸ್ಟ್, ಟೂರ್ನಿ ನಿರ್ವಹಣೆ ಮುಂತಾದ ಕೆಲಸಗಳೂ ಇವೆ. ತಾವು ಆಡುವುದನ್ನು ನೇರಪ್ರಸಾರ ಮಾಡುವ ಸ್ಟ್ರೀಮಿಂಗನ್ನು ಮಾತ್ರ ವಿಶ್ರಾಂತಿಯ ದಾರಿ ಎಂದು ಎಣಿಸಬೇಡಿ. ಅಲ್ಲಿ ಅದೇ ಕೈ, ಅದೇ ರಾತ್ರಿಗಳು, ಮೇಲಾಗಿ ನಿಶ್ಚಿತ ಸಂಬಳವೂ ಇರುವುದಿಲ್ಲ.

ಮುಂದಿನ ಜೀವನೋಪಾಯವನ್ನು ಒಂದೇ ಆಟಕ್ಕೆ ಕಟ್ಟಿಹಾಕದಿರುವುದು ಒಳ್ಳೆಯದು. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧವಾಯಿತು. ಅದರ ಬದಲಿಗೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಆ ತಿಂಗಳುಗಳಲ್ಲಿ ಎಷ್ಟೋ ಒಳ್ಳೆಯ ಆಟಗಾರರ ವೃತ್ತಿ ಅವರ ಯಾವ ತಪ್ಪೂ ಇಲ್ಲದೆ ಮೊಟಕಾದದ್ದನ್ನು ಕಣ್ಣಾರೆ ನೋಡಿದ್ದೇನೆ, ಇಂದಿಗೂ ಅದು ನನ್ನನ್ನು ನೋಯಿಸುತ್ತದೆ.

ಹುಬ್ಬಳ್ಳಿಯಿಂದ, ಫಿಸಿಯೋಥೆರಪಿಸ್ಟ್

ಮೊಬೈಲ್ ಆಟಗಾರರು ಚಿಕಿತ್ಸೆಗೆ ಬರುತ್ತಿರುತ್ತಾರೆ. ಬೆರಳುಗಳನ್ನು ಉಗುರಿನಂತೆ ಬಾಗಿಸಿ ನಾಲ್ಕು ಬೆರಳುಗಳಿಂದ ಆಡುವ ಕ್ಲಾ ಹಿಡಿತದ ಜೊತೆಗೆ, ಗುರಿ ಸರಿಪಡಿಸಲು ಗೈರೋ (ಫೋನಿನ ಓಲಾಟವನ್ನು ಗುರುತಿಸುವ ಸಂವೇದಕ) ಬಳಸಿ ಫೋನನ್ನು ಓರೆಯಾಗಿಸುತ್ತಲೇ ಇರುವವರಿಗೆ ಮಣಿಕಟ್ಟಿಗೆ ಬಿಡುವೇ ಇರುವುದಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದಾಗ ಹೆಬ್ಬೆರಳಿನ ಬುಡದ ಬದಿ ಚುಳುಕ್ಕೆಂದರೆ ಅಲ್ಲಿನ ಸ್ನಾಯುರಜ್ಜು ಊದಿಕೊಂಡಿರುವ ಸಂಭವವಿದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಅದು ನರದ ಒತ್ತಡದ ಲಕ್ಷಣ. ಎರಡಕ್ಕೂ ಚಿಕಿತ್ಸೆ ಬೇರೆಯಾದ್ದರಿಂದ ಮೂಳೆ ತಜ್ಞರಿಗೆ ತೋರಿಸಿ. ನೋವು ನಿವಾರಕ ನುಂಗಿ ಕೊನೆಯ ಟೂರ್ನಿ ಮುಗಿಸುತ್ತೇನೆ ಎನ್ನಬೇಡಿ. ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲಿ ಚೀನಾದ ತಾರೆಯಾಗಿದ್ದ ಉಝಿ 2020ರ ಜೂನ್‌ನಲ್ಲಿ, 23ನೇ ವಯಸ್ಸಿಗೇ ನಿವೃತ್ತಿ ಘೋಷಿಸಿದರು. ಕೈನೋವಿನ ಜೊತೆಗೆ ಟೈಪ್ 2 ಮಧುಮೇಹವೂ ಅವರನ್ನು ಕಾಡುತ್ತಿತ್ತು. ಆದ್ದರಿಂದ ಕೈಯ ತಪಾಸಣೆಯ ಜೊತೆಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಮೈಸೂರಿನಿಂದ, ಆಟಗಾರನೊಬ್ಬನ ಅಕ್ಕ

ನನ್ನ ತಮ್ಮ ಕೌಂಟರ್-ಸ್ಟ್ರೈಕ್ ಆಡುತ್ತಿದ್ದ. ತಂಡ ಬಿಟ್ಟು ಮನೆಗೆ ಬಂದ ಮೇಲೂ ಮಧ್ಯಾಹ್ನ ಸ್ಕ್ರಿಮ್ ಶುರುವಾಗುವ ಹೊತ್ತಿಗೆ ಹೆಡ್‌ಸೆಟ್ ಹಾಕಿಕೊಂಡು ಸುಮ್ಮನೆ ಕುಳಿತಿರುತ್ತಿದ್ದ. ಅಪ್ಪ ಸಮಾಧಾನದಿಂದಲೇ "ಸದ್ಯ, ಬುದ್ಧಿ ಬಂತಲ್ಲ" ಎಂದರು. ಆ ಮಾತು ಅವನನ್ನು ಸೋಲಿಗಿಂತ ಹೆಚ್ಚು ಚುಚ್ಚಿತು. ನಿಮ್ಮ ಮನೆಯವರಿಗೆ ಮೊದಲೇ ಹೇಳಿಬಿಡಿ: ನಾನು ಕೆಟ್ಟ ಚಟ ಬಿಟ್ಟು ಬರುತ್ತಿಲ್ಲ, ಒಂದು ವೃತ್ತಿ ಮುಗಿಸಿ ಬರುತ್ತಿದ್ದೇನೆ ಎಂದು. ಜಪಾನಿನ ಸ್ಟ್ರೀಟ್ ಫೈಟರ್ ಆಟಗಾರ ಡೈಗೊ ಉಮೆಹಾರ ಸ್ಪರ್ಧೆ ತೊರೆದು ವೃದ್ಧರ ಆರೈಕೆ ಕೇಂದ್ರದಲ್ಲಿ ದುಡಿದು, ಆಮೇಲೆ ಮತ್ತೆ ಕಣಕ್ಕೆ ಮರಳಿದವರು. ನನ್ನ ತಮ್ಮ ಡೈಗೊ ಅವರ ಕಥೆಯನ್ನು ಅಪ್ಪನಿಗೆ ಹೇಳಿದ ನಂತರ ಮನೆಯಲ್ಲಿ ಮಾತು ಹಗುರಾಯಿತು.

ಉದ್ಯೋಗದ ಅರ್ಜಿಯಲ್ಲಿ ಅವನು ಆಟದ ಪರಿಭಾಷೆ ಬಿಟ್ಟು, ಐವರ ತಂಡದ ಹೊಣೆ ಹೊತ್ತದ್ದು, ಎದುರಾಳಿಗಳ ಪಂದ್ಯಗಳ ವಿಡಿಯೊ ನೋಡಿ ವರದಿ ಸಿದ್ಧಪಡಿಸಿದ್ದು ಎಂದು ಬಿಡಿಸಿ ಬರೆದ ಮೇಲೆಯೇ ಸಂದರ್ಶನಗಳಿಗೆ ಕರೆ ಬಂತು. ಈಗ ಬೆಂಗಳೂರಿನ ಗೇಮ್ ಸ್ಟುಡಿಯೊವೊಂದರಲ್ಲಿ ಟೆಸ್ಟಿಂಗ್ ಮಾಡುತ್ತಾ, ನಮ್ಮೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದಾನೆ. ಅಲ್ಲಿ ಬಿ.ಕಾಂ. ಕೂಡ ಇದೆ. ನಿಮ್ಮ ಹಳೆಯ ಅಂಕಪಟ್ಟಿಗಳನ್ನು ಕಾಲೇಜಿನಿಂದ ಈಗಲೇ ತರಿಸಿಟ್ಟುಕೊಳ್ಳಿ. ಮಾರ್ಚ್‌ಗೆ ಒಪ್ಪಂದ ಮುಗಿದರೆ ಜುಲೈ ಆವೃತ್ತಿಯ ಪ್ರವೇಶಕ್ಕೆ ಅರ್ಜಿ ಹಾಕಬಹುದು.