ವಾರ್ಡ್ಲಾ ಅನ್ನೋ ಹೆಸರಿಗೆ ಅರ್ಥ ಏನು?

ಬಳ್ಳಾರಿಯ ಅಪ್ಪ ಕೇಳಿದ್ದು:

ನಮ್ಮೂರಲ್ಲಿ ವಾರ್ಡ್ಲಾ ಶಾಲೆ ಗೊತ್ತಿಲ್ಲದವರು ಇಲ್ಲ. ನಾನು ಓದಿದ್ದೂ ಅಲ್ಲೇ. ವರ್ಷಗಟ್ಟಲೆ ನೋಟ್‌ಬುಕ್ ಮೇಲೆ ಆ ಹೆಸರು ಬರೆದೆ. ಅರ್ಥ ಏನು ಅಂತ ಒಂದು ದಿನವೂ ಯೋಚಿಸಲಿಲ್ಲ.

ಮೊನ್ನೆ ಸ್ಕೂಟರ್ ಮೇಲೆ ಆ ಗೇಟು ದಾಟುವಾಗ ಆರನೇ ತರಗತಿಯ ಮಗಳು ಬೋರ್ಡು ಓದಿ ಕೇಳಿದಳು: "ವಾರ್ಡ್ ಅಂದ್ರೆ ಆಸ್ಪತ್ರೆ ವಾರ್ಡು. ಲಾ ಅಂದ್ರೆ ಕಾನೂನು. ಎರಡೂ ಸೇರಿದ್ರೆ ಏನಪ್ಪಾ?" ಅದೊಬ್ಬ ಪಾದ್ರಿಯ ಹೆಸರು ಅಂದೆ. "ಹೆಸರಿಗೂ ಅರ್ಥ ಇರುತ್ತಲ್ವಾ?" ಅಂದಳು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 'ಕಾನೂನು ಕಾಯುವವನು' ಅಂತ ಸಿಕ್ಕಿತು. ನನಗೆ ನಂಬಿಕೆ ಬರಲಿಲ್ಲ. ಮಗುವಿಗೆ ತಪ್ಪು ಹೇಳೋದು ಬೇಡ ಅಂತ ಇಲ್ಲಿ ಕೇಳುತ್ತಿದ್ದೇನೆ.

ಕೋಟೆ ಏರಿಯಾದವರು:

ಪಾದ್ರಿಯ ಹೆಸರು ಅನ್ನೋದು ನಿಜ. ಲಂಡನ್ ಮಿಷನ್ ಕಡೆಯಿಂದ ಬಳ್ಳಾರಿಗೆ ಬಂದವರು. ಶಾಲೆ ಶುರುವಾಗಿದ್ದು 1846ರಲ್ಲಿ. ಅರ್ಥ ನನಗೂ ತಿಳಿದುಕೊಳ್ಳಬೇಕಿದೆ.

ಕೊಪ್ಪಳದ ಇಂಗ್ಲಿಷ್ ಮೇಷ್ಟ್ರು:

ನಿಮ್ಮ ಮಗಳು ಪದ ಒಡೆದ ಜಾಗ ಸರಿಯಾಗಿದೆ. ವಾರ್ಡ್ ಒಂದು, ಲಾ ಒಂದು. ಆದರೆ ಈ 'ಲಾ' ಕಾನೂನಲ್ಲ, ಗುಡ್ಡ.

ಹಳೆಯ ಇಂಗ್ಲಿಷಿನಲ್ಲಿ 'ಹ್ಲಾವ್' ಅಂತ ಒಂದು ಪದ ಇತ್ತು. ಗುಡ್ಡ, ದಿಬ್ಬ ಅಂತ ಅರ್ಥ. ಮುಂದಿನ 'ಹ' ಸವೆದು ಹೋಯಿತು, 'ಲಾ' ಉಳಿಯಿತು. ಕಾನೂನು ಅನ್ನೋ 'ಲಾ' ಬೇರೆ ಬೇರಿನದು, ಉತ್ತರದ ನಾರ್ಸ್ ಜನರ ಮಾತಿನಿಂದ ಬಂದದ್ದು. ಈಗ ಎರಡಕ್ಕೂ ಸ್ಪೆಲ್ಲಿಂಗ್ ಒಂದೇ. ನಮ್ಮಲ್ಲಿ 'ಕಾಡು' ಇಲ್ವಾ? ಅಡವಿಯೂ ಕಾಡು, ಪೀಡಿಸೋದೂ ಕಾಡು. ಹಾಗೆ.

'ವಾರ್ಡ್' ಅಂದರೆ ಕಾವಲು. ಆಸ್ಪತ್ರೆ ವಾರ್ಡೂ ಅದೇ ಪದ, ರೋಗಿಗಳನ್ನು ಕಾದು ನೋಡಿಕೊಳ್ಳುವ ಜಾಗ. ಹಾಸ್ಟೆಲ್ ವಾರ್ಡನ್ ಕೂಡ ಅದೇ ಮನೆತನದ ಪದ. ಎಡ್ವರ್ಡ್ ಅಂದರೆ ಸಿರಿ ಕಾಯುವವನು. ಬರೀ 'ವಾರ್ಡ್' ಅಂತ ಅಡ್ಡಹೆಸರು ಇಟ್ಟುಕೊಂಡ ಇಂಗ್ಲಿಷರು ತುಂಬಾ ಜನ ಇದ್ದಾರೆ. ಅದರ ಮೂಲ ಅರ್ಥ ಕಾವಲುಗಾರ, ನಮ್ಮ ತಳವಾರ ಇದ್ದ ಹಾಗೆ.

ಎರಡೂ ಸೇರಿಸಿದರೆ ವಾರ್ಡ್ಲಾ ಅಂದರೆ ಕಾವಲುಗುಡ್ಡ. ಮೇಲೆ ನಿಂತು ಯಾರು ಬರುತ್ತಿದ್ದಾರೆ ಅಂತ ನೋಡುವ ಗುಡ್ಡ. ಮೊದಲು ಅದು ಜಾಗದ ಹೆಸರು. ಆ ಜಾಗದಿಂದ ಬಂದವರಿಗೆ ಆಮೇಲೆ ಅದೇ ಅಡ್ಡಹೆಸರಾಯಿತು. ನಮ್ಮ ಕಡೆ ಕಂಪ್ಲಿ, ಮುಂಡರಗಿ, ಹಾನಗಲ್ ಅಂತ ಊರನ್ನೇ ಹೆಸರಿನ ಹಿಂದೆ ಹಾಕಿಕೊಳ್ಳುವುದಿಲ್ವಾ? ಅವರದೂ ಅದೇ ದಾರಿ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ತಾಯಿಯ ತವರಿನವರಿಗೆ ಅಡ್ಡಹೆಸರು ಹುಡೇದ. ಹುಡೇವು ಅಂದರೆ ಗೊತ್ತಲ್ಲ, ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಕಲ್ಲು ಮಣ್ಣಿನಿಂದ ದುಂಡಗೆ ಕಟ್ಟಿದ ಕಾವಲು ಬುರುಜು. ಅಜ್ಜನ ಮನೆ ಹಿತ್ತಲಿಗೆ ಅಂಟಿಕೊಂಡೇ ಒಂದಿತ್ತು. ಅರ್ಧ ಕುಸಿದಿತ್ತು. ಒಳಗೆ ಸುತ್ತಿ ಹತ್ತುವ ಮೆಟ್ಟಿಲು, ಗೋಡೆಯಲ್ಲಿ ಬಂದೂಕಿನ ನಳಿಗೆ ಹಿಡಿಸುವಷ್ಟು ಕಿಂಡಿ. ಬೇಸಿಗೆ ರಜೆಯಲ್ಲಿ ನಾವು ಆ ಕಿಂಡಿಗೆ ಕಣ್ಣಿಟ್ಟು ಸಂತೆಯಿಂದ ಬರುವ ಬಂಡಿ ಎಣಿಸುತ್ತಿದ್ದೆವು. ಕಾವಲುಗುಡ್ಡದವರು ವಾರ್ಡ್ಲಾ, ಕಾವಲು ಬುರುಜಿನವರು ಹುಡೇದ. ಇದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ರಾಯಚೂರಿನಿಂದ:

ಸರ್, ನಾನು ಮ್ಯಾಪಿನಲ್ಲಿ ನೋಡಿದೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ವಾರ್ಡ್ಲೋ ಅಂತ ಹಳ್ಳಿ ಇದೆ. ಅದೂ ಇದೂ ಒಂದೇನಾ? ಇಲ್ಲ ಸುಮ್ನೆ ಕಿವಿಗೆ ಹಾಗೆ ಕೇಳುತ್ತಾ?

ಕೊಪ್ಪಳದ ಇಂಗ್ಲಿಷ್ ಮೇಷ್ಟ್ರು:

ಒಂದೇ. ಅದೂ ಕಾವಲುಗುಡ್ಡವೇ. ಸೀಮೆ ಬದಲಾದರೆ ಉಚ್ಚಾರ ಬದಲಾಗುತ್ತದೆ. ಸ್ಕಾಟ್ಲೆಂಡಿನ ತಗ್ಗು ಸೀಮೆಯಲ್ಲಿ, ಅದಕ್ಕೆ ತಾಗಿದ ಉತ್ತರ ಇಂಗ್ಲೆಂಡಿನಲ್ಲಿ 'ಲಾ' ಆಗಿ ಉಳಿಯಿತು. ದಕ್ಷಿಣಕ್ಕೆ ಬಂದಂತೆ 'ಲೋ' ಆಯಿತು. ಲಡ್ಲೋ, ಟ್ಯಾಪ್ಲೋ ಊರುಗಳ ಕೊನೆಯ 'ಲೋ' ಇದೇ. ತಗ್ಗು ಅನ್ನೋ 'ಲೋ' ಅಂದುಕೊಂಡರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ, ಎಚ್ಚರ.

ಡಂಡೀ ಪಟ್ಟಣದ ನಡುವೆ ಇರುವ ಗುಡ್ಡದ ಹೆಸರೇ 'ಲಾ'. ಕೆಲವರು ಅದನ್ನು 'ಲಾ ಹಿಲ್' ಅನ್ನುತ್ತಾರೆ. ಅಂದರೆ ಗುಡ್ಡ ಗುಡ್ಡ. ನಾವು ನಟ್ಟನಡುಮಧ್ಯ ಅಂದ ಹಾಗೆ.

ವಾರ್ಡ್ಲಾ ಮನೆತನ ಜಾಸ್ತಿ ಹೆಸರು ಮಾಡಿದ್ದು ಸ್ಕಾಟ್ಲೆಂಡಿನಲ್ಲಿ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಅಲ್ಲಿ ಎಲ್ಲಕ್ಕಿಂತ ಹಳೆಯದು. 1413ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದನ್ನು ಕಟ್ಟಿದ ಬಿಷಪ್ ಹೆನ್ರಿ ವಾರ್ಡ್ಲಾ. ಬಳ್ಳಾರಿ ಹುಡುಗರು ಶಾಲೆಗೆ ಹೋದದ್ದೂ ಅದೇ ಹೆಸರಿನ ಗೇಟು ದಾಟಿ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಬಳ್ಳಾರಿಯ ಅಪ್ಪ:

ಮೇಷ್ಟ್ರೇ, ಹೇಗೆ ಧನ್ಯವಾದ ಹೇಳಲಿ! ನಿಮ್ಮ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರೆ ನಮ್ಮ ಗುಡ್ಡಾನೂ ವಾರ್ಡ್ಲಾನೇ" ಅಂದಳು.

ಭಾನುವಾರ ಬೆಳಗ್ಗೆ ಆರಕ್ಕೇ ಅವಳನ್ನು ಬಳ್ಳಾರಿ ಗುಡ್ಡ ಹತ್ತಿಸಿದೆ. ಬಿಸಿಲೇರಿದರೆ ಆ ಬಂಡೆ ಮೇಲೆ ಕಾಲಿಡಲು ಆಗಲ್ಲ. ಹನುಮಪ್ಪ ನಾಯಕನ ಕಾಲದ ಮೇಲಿನ ಕೋಟೆಯ ಗೋಡೆಗೆ ಒರಗಿ ಕೂತೆವು. ಆ ಕಡೆ ಕುಂಬಾರ ಗುಡ್ಡ, ಕೆಳಗೆ ಇಡೀ ಊರು, ಬರೋ ಹೋಗೋ ರೈಲು. ಇಲ್ಲಿ ನಿಂತವನಿಗೆ ಹತ್ತು ಮೈಲಿ ದೂರದ ಧೂಳೂ ಕಂಡಿರಬೇಕು.

ಅವಳು ಚೀಲದಿಂದ ನೋಟ್‌ಬುಕ್ ತೆಗೆದು ದೊಡ್ಡದಾಗಿ 'ಕಾವಲುಗುಡ್ಡ' ಅಂತ ಬರೆದಳು. ಅದರ ಕೆಳಗೆ 'ಹುಡೇದ' ಅಂತಲೂ ಬರೆದು, ಆ ಬುರುಜು ಈಗಲೂ ಇದೆಯಾ ಅಂತ ಮೇಷ್ಟ್ರನ್ನು ಕೇಳು ಅಂದಿದ್ದಾಳೆ.