ವರ್ಷಗಳ ಮೇಲೆ ಮುಂಬೈಗೆ ಹೊರಟಿದ್ದೇನೆ, ಹಡಗು ಎಲ್ಲಿಂದ ಕಾಣುತ್ತದೆ?

ಹತ್ತಿ ರಾಯಚೂರು:
ಎಲ್ಲರಿಗೂ ನಮಸ್ಕಾರ. ವಯಸ್ಸಿನಲ್ಲಿದ್ದಾಗ ನಾನು ಮುಂಬೈಯ ಕಾಟನ್ ಗ್ರೀನ್‌ನಲ್ಲಿ ಒಬ್ಬ ಹತ್ತಿ ದಲಾಲರ ಹತ್ತಿರ ಗುಮಾಸ್ತನಾಗಿದ್ದೆ. ನಮ್ಮ ರಾಯಚೂರು ಕಡೆಯ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್‌ಗಳಿಂದ ಸ್ಯಾಂಪಲ್ ಬರುತ್ತಿತ್ತು. ದಲಾಲರು ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಹತ್ತಿ ಕೀಳುತ್ತಿದ್ದರು. ಎರಡು ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆಯುವುದು, ಮತ್ತೆ ಜೋಡಿಸುವುದು, ಮತ್ತೆ ಎಳೆಯುವುದು. ಕೊನೆಗೆ ಹತ್ತಿಯ ಎಳೆಗಳೆಲ್ಲ ಒಂದೇ ಸಮ ಆದ ಮೇಲೆ ಕಪ್ಪು ಬಟ್ಟೆಯ ಮೇಲಿಟ್ಟು ಉದ್ದ ನೋಡುತ್ತಿದ್ದರು. ರೇಟು ನಿಲ್ಲುತ್ತಿದ್ದದ್ದು ಅಲ್ಲೇ.

ಈಗ ಮಗಳ ಜೊತೆ ಪ್ರವಾಸಕ್ಕೆ ಹೋಗುತ್ತಿದ್ದೇನೆ. ಅವಳ ಪಟ್ಟಿಯಲ್ಲಿ ಗೇಟ್‌ವೇ, ಮರೀನ್ ಡ್ರೈವ್, ಬಾಂದ್ರಾ ಇವೆ. ಅವು ಬೇಡ ಅನ್ನಲ್ಲ. ಆದರೆ ನಾನು ಬದುಕಿದ್ದು ಪೂರ್ವದ ದಂಡೆಯಲ್ಲಿ. ರಾತ್ರಿ ರೂಮಿನಲ್ಲಿ ಮಲಗಿದರೆ ಹಡಗಿನ ಹಾರ್ನ್ ಕೇಳುತ್ತಿತ್ತು. ಹಡಗು ಮಾತ್ರ ಕಾಣುತ್ತಿರಲಿಲ್ಲ. ಬಂದರಿನ ಗೋಡೆ, ಗೋದಾಮು ಎಲ್ಲಾ ಅಡ್ಡ. ಭಾನುವಾರ ಬಂದರೆ ಬಟ್ಟೆ ಒಗೆಯುವುದು, ಊರಿಗೆ ಪತ್ರ ಬರೆಯುವುದು, ಅಷ್ಟಕ್ಕೇ ದಿನ ಮುಗಿಯುತ್ತಿತ್ತು. ಬಂದರಿನ ಪಕ್ಕದಲ್ಲೇ ಇದ್ದು ಬಂದರು ನೋಡದೆ ಬಂದವನು ನಾನು. ಈ ಸಲ ನೋಡಲೇಬೇಕು. ಎಲ್ಲಿಗೆ ಹೋಗಲಿ? ಆ ಹಸಿರು ಬಣ್ಣದ ಕಾಟನ್ ಎಕ್ಸ್‌ಚೇಂಜ್ ಕಟ್ಟಡ ಇದೆಯಾ?

ಮಾನ್ವಿ ಪ್ಯಾಸೆಂಜರ್:
ಕಟ್ಟಡ ಇದೆ ಸರ್. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ದಾದರ್‌ನಲ್ಲಿ ಇಳಿಯಬೇಡಿ. ಕೊನೆಯವರೆಗೂ, ಅಂದರೆ ನಿಮ್ಮ ಕಾಲದ ವಿ.ಟಿ.ವರೆಗೂ ಹೋಗಿ. ಹೆಸರು ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಅಲ್ಲಿ 1, 2ನೇ ಪ್ಲಾಟ್‌ಫಾರ್ಮಿನಿಂದ ಹಾರ್ಬರ್ ಲೈನ್ ಲೋಕಲ್ ಹೊರಡುತ್ತದೆ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಆಮೇಲೆ ನಿಮ್ಮ ಕಾಟನ್ ಗ್ರೀನ್. ಹಳೆಯ ಪದ್ಮಿನಿ ಟ್ಯಾಕ್ಸಿ ಹುಡುಕಬೇಡಿ, 2023ರಲ್ಲೇ ರಸ್ತೆಯಿಂದ ಹೋದವು.

ಸಿಂಧನೂರಿನವ, ಸದ್ಯ ಉರಣ:
ಅಣ್ಣಾ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಮುಂಬೈ ಎದುರಿಗೆ, ಕೊಲ್ಲಿಯ ಈಚೆ ದಡದ ನ್ಹಾವಾ ಶೇವಾ ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಏಜೆಂಟ್ (ಸರಕಿನ ಕಸ್ಟಮ್ಸ್ ಕಾಗದ ಮಾಡಿಸುವವರು) ಆಫೀಸಿನಲ್ಲಿ ಇದ್ದೇನೆ. ದಿನಾ ಕಂಟೇನರ್ ಕಾಗದದಲ್ಲೇ ಮುಳುಗಿರುತ್ತೇನೆ.

ಮೊದಲು ಒಂದು ವಿಷಯ ಹೇಳುತ್ತೇನೆ. ದೊಡ್ಡ ಕಂಟೇನರ್ ಹಡಗುಗಳು ಈಗ ನೀವಿದ್ದ ದಂಡೆಗೆ ಬರುವುದಿಲ್ಲ. ಅಲ್ಲಿನ ಇಂದಿರಾ ಡಾಕ್, ಅಂದರೆ ಹಡಗು ನಿಲ್ಲುವ ಕಟ್ಟೆ, 1914ರದ್ದು. ಒಳಗೆ ಹೋಗಲು ಹಡಗು ಲಾಕ್ ಗೇಟ್, ಅಂದರೆ ಒಳಗಿನ ನೀರನ್ನು ಹಿಡಿದಿಡುವ ಬಾಗಿಲು, ದಾಟಬೇಕು. ಈಗಿನ ಕಂಟೇನರ್ ಹಡಗಿಗೆ ಅದು ಸಾಲದು. ಪೆಟ್ಟಿಗೆಗಳನ್ನು ಪೇರಿಸಿಡಲು ಎಕರೆಗಟ್ಟಲೆ ಜಾಗವೂ ಬೇಕು. ಊರು ಹಿಂದಿನಿಂದ ಒತ್ತಿಕೊಂಡಿರುವಾಗ ಜಾಗ ಎಲ್ಲಿಂದ ತರೋಣ? ಹಾಗಾಗಿ ಕೊಲ್ಲಿಯ ಈಚೆ ದಡದಲ್ಲಿ ಈ ನ್ಹಾವಾ ಶೇವಾ ಹೊಸ ಬಂದರು ಕಟ್ಟಿದರು. 1989ರಲ್ಲಿ ಶುರುವಾಯಿತು. ಕಂಟೇನರ್ ವ್ಯಾಪಾರ ಮೆಲ್ಲಗೆ ಇತ್ತ ಬಂತು.

ಹಡಗು ನೋಡಲು ಅಟಲ್ ಸೇತು ಹತ್ತಿ ಅಂತ ಯಾರಾದರೂ ಹೇಳಬಹುದು. ಶಿವಡಿಯಿಂದ ಹೊರಡುವ 21.8 ಕಿಲೋಮೀಟರ್ ಸೇತುವೆ, 2024ರ ಜನವರಿಯಲ್ಲಿ ತೆರೆಯಿತು. ಚೆನ್ನಾಗಿದೆ. ಆದರೆ ಅಲ್ಲಿ ನಡೆಯಲು ಬಿಡುವುದಿಲ್ಲ, ಗಾಡಿ ನಿಲ್ಲಿಸಲೂ ಬಿಡುವುದಿಲ್ಲ. ಕಾರಿನಲ್ಲಿ ಸರ್ರನೆ ದಾಟಿಬಿಡುತ್ತೀರಿ. ಅದು ನೋಡಿದ ಹಾಗಲ್ಲ.

ನನ್ನ ಮಾತು ಕೇಳಿ. ಡಾಕ್‌ಯಾರ್ಡ್ ರೋಡ್‌ನಲ್ಲಿ ಇಳಿದು ಭಾವುಚಾ ಧಕ್ಕಾಕ್ಕೆ, ಅಂದರೆ ಮೀನು ದೋಣಿಗಳ ಕಟ್ಟೆಗೆ, ಹೋಗಿ. ಮೀನಿನ ವಾಸನೆ, ಐಸ್ ಒಡೆಯುವ ಸದ್ದು, ಬುಟ್ಟಿ ಹೊತ್ತವರ ಗದ್ದಲ. ಪಕ್ಕದಲ್ಲೇ ನಮ್ಮ ಉರಣ ಕಡೆಯ ಮೋರಾ ಜೆಟ್ಟಿಗೆ ಹೋಗುವ ಲಾಂಚ್, ಅಂದರೆ ಪ್ರಯಾಣಿಕರ ಮೋಟಾರು ದೋಣಿ, ಸಿಗುತ್ತದೆ. ದಿನಾ ಕೆಲಸಕ್ಕೆ ಹೋಗಿ ಬರುವ ಮಂದಿಯೇ ಅದರಲ್ಲಿ ಜಾಸ್ತಿ. ಒಳಗೆ ಕೂರಬೇಡಿ, ಅಂಚಿಗೆ ಬನ್ನಿ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಲಂಗರು ಹಾಕಿದ ಹಡಗುಗಳ ಹತ್ತಿರದಲ್ಲೇ ಲಾಂಚ್ ಸಾಗುತ್ತದೆ. ಖಾಲಿ ಹಡಗಾದರೆ ನೀರಿನ ಮೇಲೆ ಎತ್ತರ ಎದ್ದಿರುತ್ತದೆ, ತಳಕ್ಕೆ ಬಳಿದ ಕೆಂಪು ಬಣ್ಣ ಅಗಲವಾಗಿ ಕಾಣುತ್ತದೆ. ಸರಕು ತುಂಬಿದ್ದರೆ ಆ ಕೆಂಪು ನೀರಿನೊಳಗೆ ಹೋಗಿರುತ್ತದೆ. ಮಗಳಿಗೆ ತೋರಿಸಿ, ಯಾವುದು ಇಳಿಸಿದೆ, ಯಾವುದು ಇನ್ನೂ ಇಳಿಸಬೇಕು ಅಂತ ಅವಳೇ ಹೇಳುತ್ತಾಳೆ.

ಕೊಪ್ಪಳದ ಮೇಷ್ಟ್ರು:
ಹತ್ತಿಯವರು ಅಂದಿದ್ದಕ್ಕೆ ಎರಡು ಮಾತು. ಬಾಂಬೆ ಕಡೆಯಿಂದ ಬಂದ ರೈಲು ದಾರಿ, ಮದ್ರಾಸ್ ಕಡೆಯ ದಾರಿಯನ್ನು ಕೂಡಿಕೊಂಡದ್ದು ನಿಮ್ಮ ರಾಯಚೂರಿನಲ್ಲೇ, 1871ರಲ್ಲಿ. ಇನ್ನೊಂದು, 1944ರ ಏಪ್ರಿಲ್ 14ರ ದುರಂತ. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಹತ್ತಿ ಬೇಲ್‌ಗಳಿಗೆ (ಒತ್ತಿ ಬಿಗಿದ ಹತ್ತಿಯ ಕಟ್ಟುಗಳಿಗೆ) ಬೆಂಕಿ ಬಿತ್ತು. ಅದೇ ಹಡಗಿನಲ್ಲಿ ಸ್ಫೋಟಕಗಳೂ ಇದ್ದವು. ಬೇಲ್ ಒಳಗೆ ಸೇರಿದ ಬೆಂಕಿ ಮೇಲೆ ನೀರು ಹೊಯ್ದರೆ ಆರುವುದಿಲ್ಲ, ಅದು ನಿಮಗೆ ನಾನು ಹೇಳಬೇಕಿಲ್ಲ. ಕೊನೆಗೆ ಹಡಗು ಸಿಡಿದು ನೂರಾರು ಜನ ಸತ್ತರು. ಆರಿಸಲು ಹೋದ ಅಗ್ನಿಶಾಮಕದವರು ಎಷ್ಟೋ ಮಂದಿ ವಾಪಸ್ ಬರಲಿಲ್ಲ. ಅವರ ನೆನಪಿಗೇ ಏಪ್ರಿಲ್ 14 ದೇಶಕ್ಕೆಲ್ಲ ಅಗ್ನಿಶಾಮಕ ಸೇವಾ ದಿನ. ಆ ದಂಡೆಗೆ ಹೋದಾಗ ಮಗಳಿಗೆ ಇದನ್ನು ಹೇಳಿ.

ಹತ್ತಿ ರಾಯಚೂರು:
ಮೇಷ್ಟ್ರೇ, ಖಂಡಿತ ಹೇಳುತ್ತೇನೆ. ನಮ್ಮ ದಲಾಲರು ಗೋದಾಮಿನ ಹತ್ತಿರ ಯಾರೂ ಬೀಡಿ ಸೇದಲು ಬಿಡುತ್ತಿರಲಿಲ್ಲ. ಸಿಂಧನೂರಿನ ತಮ್ಮಾ, ಲಾಂಚಿಗೇ ಹೋಗುತ್ತೇವೆ, ನಿರ್ಧಾರ ಆಯಿತು. ವಾಪಸ್ ಬರಲು ಮತ್ತೆ ಲಾಂಚೇ ಹಿಡಿಯಬೇಕಾ?

ಸಿಂಧನೂರಿನವ, ಸದ್ಯ ಉರಣ:
ಬೇಡ ಅಣ್ಣಾ. 2024ರ ಜನವರಿಯಿಂದ ಉರಣಕ್ಕೂ ಲೋಕಲ್ ರೈಲಿದೆ. ಮೋರಾದಿಂದ ಆಟೋದಲ್ಲಿ ಉರಣ ಸ್ಟೇಷನ್ನಿಗೆ ಬನ್ನಿ. ನೇರೂಳ್‌ನಲ್ಲಿ ರೈಲು ಬದಲಿಸಿದರೆ ಹಾರ್ಬರ್ ಲೈನಿನಲ್ಲೇ ಕಾಟನ್ ಗ್ರೀನ್‌ಗೆ ಇಳಿಯಬಹುದು. ಉರಣದ ರೈಲುಗಳ ನಡುವೆ ಅಂತರ ಜಾಸ್ತಿ, ಟೈಮ್ ನೋಡಿಕೊಂಡು ಹೊರಡಿ. ಮಳೆಗಾಲ ಬಿಟ್ಟು ಬನ್ನಿ. ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ, ರಜೆ ಇದ್ದರೆ ಮೋರಾ ಜೆಟ್ಟಿಗೆ ನಾನೇ ಬರುತ್ತೇನೆ.