ಗಸ್ತು ಜಾಸ್ತಿ ಮಾಡಿ ಅಂತ ಎಲ್ಲರೂ ಅರ್ಜಿಗೆ ಸೈನ್ ಹಾಕ್ತಿದಾರೆ, ನಂಗೆ ಕೈ ಬರ್ತಿಲ್ಲ

ಮೂರನೇಮಹಡಿ:
ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ಹೋದ ತಿಂಗಳು ನಮ್ಮ ಬಿಲ್ಡಿಂಗಲ್ಲಿ ರಾತ್ರಿ ಎರಡು ಗಂಟೆಗೆ ಗಲಾಟೆ. ಮೇಲಿನ ಮನೆ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಮಾನಸಿಕ ಕಾಯಿಲೆಗೆ ಮಾತ್ರೆ ತಗೋತಿದ್ದನಂತೆ, ಮಧ್ಯದಲ್ಲಿ ಬಿಟ್ಟಿದಾನೆ. ಯಾರೋ ನನ್ನ ಹಿಂದೆ ಬಿದ್ದಿದಾರೆ ಅಂತ ಕಿರುಚ್ತಾ ಕಂಡವರ ಬಾಗಿಲು ಒದೀತಾ ಮೆಟ್ಟಿಲ ಮೇಲೆ ನಿಂತಿದ್ದ. ಯಾರೋ ಪೊಲೀಸರಿಗೆ ಫೋನ್ ಮಾಡಿದ್ರು, ಇಬ್ಬರು ಬಂದ್ರು. ಒಬ್ಬರು ಬರ್ತಿದ್ದ ಹಾಗೇ ಲಾಠಿ ಗೋಡೆಗೆ ಕುಟ್ಟಿ "ಏಯ್ ಇಳಿಯೋ ಕೆಳಗೆ" ಅಂದ್ರು, ಅವನು ಹೆದರ್ಕೊಂಡು ಇನ್ನೂ ಮೇಲಕ್ಕೆ ಓಡಿದ, ಟೆರೇಸ್ ಬಾಗಿಲ ತನಕ. ಇನ್ನೊಬ್ಬರು ವಯಸ್ಸಾದವರು. ಟೋಪಿ ತೆಗೆದು ಪಕ್ಕಕ್ಕಿಟ್ರು, ಟಾರ್ಚ್ ಆಫ್ ಮಾಡಿದ್ರು, ಅವನಿಗಿಂತ ನಾಲ್ಕು ಮೆಟ್ಟಿಲು ಕೆಳಗೆ ಕೂತ್ಕೊಂಡು "ಮಂಡಿ ನೋವು ಕಣಪ್ಪ, ಮೇಲೆ ಹತ್ತಕ್ಕಾಗಲ್ಲ, ಇಲ್ಲೇ ಕೂತಿರ್ತೀನಿ" ಅಂದ್ರು. ಮುಕ್ಕಾಲು ಗಂಟೆ ಕೂತಿದ್ರು. ಹುಡುಗ ತಾನಾಗೇ ಇಳಿದು ಬಂದ.

ಈಗ ಏರಿಯಾದವರೆಲ್ಲ ಮೀಟಿಂಗ್ ಮಾಡಿ ಗಸ್ತು ಡಬಲ್ ಮಾಡಿ, ಮೂಲೆ ಮೂಲೆಗೂ ಕ್ಯಾಮೆರಾ ಹಾಕಿ ಅಂತ ಅರ್ಜಿ ಬರೆದಿದಾರೆ. ಆ ರಾತ್ರಿ ಕೆಲಸ ಮಾಡಿದ್ದು ಮಂಡಿ ನೋವು ಅಲ್ವಾ, ಲಾಠಿ ಅಲ್ವಲ್ಲ? ಹಾಗಂತ ಪೊಲೀಸ್ ಬೇಡ ಅನ್ನೋಷ್ಟು ದಡ್ಡ ನಾನಲ್ಲ. ಬೇರೆ ಊರುಗಳಲ್ಲಿ ಏನೇನು ಪ್ರಯತ್ನ ಮಾಡಿದಾರೆ, ಏನು ನಿಂತಿದೆ ಏನು ಬಿದ್ದಿದೆ, ಗೊತ್ತಿರೋರು ಹೇಳಿ.

ಲೆಕ್ಕದಪುಸ್ತಕ:
ಗಸ್ತಿನ ವಿಷಯ ಹೇಳ್ತೀನಿ, ಇದು ಹಳೇ ಕಥೆ. ಅಮೆರಿಕದ ಕಾನ್ಸಾಸ್ ಸಿಟಿ ಪೊಲೀಸರು 1972-73ರಲ್ಲಿ ಒಂದು ಪ್ರಯೋಗ ಮಾಡಿದ್ರು. 15 ಬೀಟ್ (ಅಂದ್ರೆ ಗಸ್ತಿನ ಏರಿಯಾ) ತಗೊಂಡು ಮೂರು ಗುಂಪು ಮಾಡಿದ್ರು. ಐದು ಬೀಟಲ್ಲಿ ಸುಮ್ನೆ ಸುತ್ತೋ ಗಾಡಿಗಳನ್ನ ಪೂರ್ತಿ ತೆಗೆದ್ರು, ಕರೆದ್ರೆ ಮಾತ್ರ ಬರೋದು. ಐದರಲ್ಲಿ ಎರಡು ಮೂರು ಪಟ್ಟು ಜಾಸ್ತಿ ಮಾಡಿದ್ರು. ಉಳಿದ ಐದು ಹೆಂಗಿತ್ತೋ ಹಂಗೆ. ವರ್ಷ ಆದ್ಮೇಲೆ ನೋಡಿದ್ರೆ ಕಳ್ಳತನದಲ್ಲೂ ವ್ಯತ್ಯಾಸ ಇಲ್ಲ, ಜನರ ಭಯದಲ್ಲೂ ಇಲ್ಲ. ಜಾಸ್ತಿ ಕಡಿಮೆ ಮಾಡಿದ್ದು ಜನಕ್ಕೆ ಗೊತ್ತೇ ಆಗಿರ್ಲಿಲ್ಲ ಅನ್ನೋದು ನಂಗೆ ಇಷ್ಟವಾದ ಭಾಗ.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಅರ್ಧ ಸುಳ್ಳು ಹೇಳಿದ ಹಾಗೆ. ಮಿನ್ನಿಯಾಪೊಲಿಸ್‌ನಲ್ಲಿ (ಅದೂ ಅಮೆರಿಕಾನೇ) ಆಮೇಲೆ ಪೊಲೀಸರಿಗೆ ಬಂದ ಕಾಲ್‌ಗಳ ಲೆಕ್ಕ ಹಾಕಿದಾಗ, ಊರಿನ ವಿಳಾಸಗಳಲ್ಲಿ ಬರೀ ಶೇಕಡಾ 3ರಷ್ಟು ಜಾಗದಿಂದಾನೇ ಅರ್ಧದಷ್ಟು ಕಾಲ್ ಬರ್ತಿತ್ತು. ಒಂದು ಬಾರ್, ಒಂದು ಬಸ್ ಸ್ಟಾಪ್, ಒಂದು ಪಾಳುಬಿದ್ದ ಬಿಲ್ಡಿಂಗ್, ಹೀಗೆ. ಅಂಥ ಜಾಗದಲ್ಲಿ ಗಾಡಿ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಇದ್ದು ಹೋದ್ರೆ ಪರಿಣಾಮ ಇದೆ. ಊರೆಲ್ಲ ಸೈರನ್ ಹಾಕ್ಕೊಂಡು ಸುತ್ತಿದ್ರೆ ಪೆಟ್ರೋಲ್ ಖರ್ಚು ಅಷ್ಟೇ. ಹಾಗಾಗಿ ಸಾರ್, ನಿಮ್ಮ ಅರ್ಜಿಯಲ್ಲಿ "ಗಸ್ತು ಡಬಲ್" ಅನ್ನೋದು ಹೊಡೆದುಹಾಕಿ ಯಾವ ಮೂಲೆ, ಎಷ್ಟು ಗಂಟೆಗೆ, ಏನಾಗ್ತಿದೆ ಅಂತ ಬರೀರಿ.

ನೈಟ್‌ಶಿಫ್ಟ್:
ನಾನು ಕೆಲವು ವರ್ಷ ಕಂಟ್ರೋಲ್ ರೂಮಲ್ಲಿ ಫೋನ್ ತಗೋತಿದ್ದೆ, ಎಲ್ಲಿ ಅಂತ ಹೇಳಲ್ಲ. ಸಿನಿಮಾ ನೋಡಿದೋರು ಬರೀ ಕೊಲೆ ದರೋಡೆ ಅನ್ಕೋತಾರೆ, ಬರೋದು ಹೆಚ್ಚಾಗಿ ಮೈಕ್ ಸೌಂಡು, ಪಾರ್ಕಿಂಗ್ ಜಗಳ, ಕುಡಿದು ಬಿದ್ದಿದಾನೆ, ಅಜ್ಜಿ ಮನೆ ಬಿಟ್ಟು ಹೋಗಿದಾರೆ, ಮಗ ರೂಮ್ ಬಾಗಿಲು ತೆಗೀತಿಲ್ಲ. ಎಲ್ಲದಕ್ಕೂ ನಮ್ಮ ಹತ್ರ ಇದ್ದಿದ್ದು ಒಂದೇ ಉತ್ತರ, ಗಾಡಿ ಕಳಿಸೋದು. ಆಸ್ಪತ್ರೆಯಲ್ಲಿ ಕಣ್ಣು ನೋವಿಗೂ ಕಾಲು ನೋವಿಗೂ ಒಬ್ಬರೇ ಡಾಕ್ಟರ್ ಅಂದ್ರೆ ಹೆಂಗೋ ಹಂಗೆ.

ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಅನ್ನೋ ಊರಲ್ಲಿ 1989ರಿಂದ ಕಹೂಟ್ಸ್ ಅಂತ ಒಂದು ವ್ಯವಸ್ಥೆ ಇತ್ತು, ಒಬ್ಬರು ವೈದ್ಯಕೀಯ ತರಬೇತಿ ಇರೋರು, ಇನ್ನೊಬ್ಬರು ಇಂಥ ಬಿಕ್ಕಟ್ಟಲ್ಲಿ ಮಾತಾಡಿ ಸಮಾಧಾನ ಮಾಡೋದು ಕಲಿತಿರೋರು, ಒಂದು ವ್ಯಾನು, ಕೈಯಲ್ಲಿ ಆಯುಧ ಇಲ್ಲ. ಅದನ್ನ ನೋಡ್ಕೊಂಡು ಡೆನ್ವರ್‌ನಲ್ಲಿ 2020ರ ಜೂನಲ್ಲಿ ಸ್ಟಾರ್ ಅಂತ ಶುರು ಮಾಡಿದ್ರು. 2022ರಲ್ಲಿ ಬಂದ ಅಧ್ಯಯನದ ಪ್ರಕಾರ ಆ ವ್ಯಾನ್ ಓಡಾಡಿದ ಕಡೆ ಸಣ್ಣಪುಟ್ಟ ಅಪರಾಧದ ವರದಿ ಶೇಕಡಾ 34 ಇಳೀತು, ದೊಡ್ಡ ಅಪರಾಧ ಏನೂ ಏರಲಿಲ್ಲ. ಇಷ್ಟು ಕೇಳಿ ಖುಷಿ ಪಡಬೇಡಿ, ಯೂಜೀನ್‌ನಲ್ಲಿ ದುಡ್ಡಿನ ತೊಂದರೆ ಆಗಿ 2025ರಲ್ಲಿ ಕಹೂಟ್ಸ್ ನಿಂತೇ ಹೋಯ್ತು. ಮೂವತ್ತೈದು ವರ್ಷ ಓಡಿದ್ದು!

ಇನ್ನೊಂದು ತೊಂದರೆ ಯಾರೂ ಹೇಳಲ್ಲ. ಗಾಡಿ ಬೇಗ ಬರಲಿ ಅಂತ ಜನ "ಕೈಯಲ್ಲಿ ಚಾಕು ಇದೆ" ಅಂತಾರೆ. ಇರಲ್ಲ. ಆದ್ರೆ ಆ ಮಾತು ಬಾಯಿಂದ ಬಿದ್ದ ಕೂಡ್ಲೇ ಅಂಥ ನಿರಾಯುಧ ವ್ಯಾನ್ ಇದ್ರೂ ಕಳಿಸೋ ಹಾಗಿಲ್ಲ, ಹೋಗೋ ಪೊಲೀಸರೂ ಚಾಕು ಇದೆ ಅಂತಾನೇ ಮೈ ಗಟ್ಟಿ ಮಾಡ್ಕೊಂಡು ಹೋಗ್ತಾರೆ. ನಿಮ್ಮ ಬಿಲ್ಡಿಂಗಿಂದ ಫೋನ್ ಮಾಡಿದೋರು ಏನಂದಿದ್ರು ಒಂದ್ಸಲ ಕೇಳಿ ನೋಡಿ.

ಕೆಂಪುಕೊಡೆ:
ಎಲ್ಲ ಸರಿ. ಮನೆಯಿಂದ ಬಸ್ ಸ್ಟಾಪ್‌ಗೆ ಆರು ತಿಂಗಳು ಒಬ್ಬ ದಿನಾ ನನ್ನ ಹಿಂದೆ ಬರ್ತಿದ್ದ. ಎರಡು ಸಲ ಫೋನ್ ಮಾಡಿದೆ, ಬರಲಿಲ್ಲ. ಮೂರನೇ ಸಲ ಬಂದವರು "ಬೇರೆ ದಾರೀಲಿ ಹೋಗಿ ಮೇಡಂ" ಅಂದ್ರು. ನಂಗೆ ಸಮಾಲೋಚಕರ ವ್ಯಾನ್ ಬೇಕಿರಲಿಲ್ಲ, ಅವನ ಕಾಲರ್ ಹಿಡಿಯೋರು ಬೇಕಿತ್ತು. ಪೊಲೀಸ್ ಕಡಿಮೆ ಮಾಡಿ ಅನ್ನೋರನ್ನ ನೋಡಿದ್ರೆ ಗೇಟು, ವಾಚ್‌ಮನ್ ಇರೋ ಕಡೆ ವಾಸ ಮಾಡೋರು ಅನ್ಸುತ್ತೆ.

ಜಾರ್ಜ್ ಫ್ಲಾಯ್ಡ್ ಅನ್ನೋರು ಪೊಲೀಸರ ಕೈಯಲ್ಲಿ ಸತ್ತ ಊರಲ್ಲೇ, ಅದೇ ಮಿನ್ನಿಯಾಪೊಲಿಸ್‌ನಲ್ಲಿ, ಪೊಲೀಸ್ ಇಲಾಖೆ ತೆಗೆದು ಬೇರೆ ಇಲಾಖೆ ಮಾಡೋಣ್ವಾ ಅಂತ 2021ರ ನವೆಂಬರಲ್ಲಿ ವೋಟ್ ಹಾಕಿಸಿದ್ರೆ ಜನ ಬೇಡ ಅಂದ್ರು, ಶೇಕಡಾ 56. ಪೊಲೀಸ್ ಇಲಾಖೆನೇ ಮುಚ್ಚಿದ ಊರು ಅಂತ ನ್ಯೂಜೆರ್ಸಿಯ ಕ್ಯಾಮ್ಡನ್ ಉದಾಹರಣೆ ಕೊಡ್ತಾರಲ್ಲ, ಅಲ್ಲಿ ಹಳೇ ಇಲಾಖೆ ಮುಚ್ಚಿ 2013ರಲ್ಲಿ ಹೊಸದು ಕಟ್ಟಿದಾಗ ಬೀದೀಲಿ ಪೊಲೀಸರು ಜಾಸ್ತಿ ಆದ್ರು, ಕಡಿಮೆ ಅಲ್ಲ. ಅದನ್ನ ಮಾತ್ರ ಯಾಕೋ ಯಾರೂ ಬಾಯಿ ಬಿಡಲ್ಲ.

ಲೆಕ್ಕದಪುಸ್ತಕ:
ಅಕ್ಕ, ನಿಮ್ಮ ಮಾತು ಒಪ್ಪಿದೆ, ಕ್ಯಾಮ್ಡನ್ ವಿಷಯ ಪೂರ್ತಿ ನಿಜ. ಆದ್ರೆ ಅಲ್ಲಿ ಪೊಲೀಸರನ್ನ ಗಾಡಿಯಿಂದ ಇಳಿಸಿ ನಡೆಸಿದ್ರು, ಯಾವಾಗ ಕೈ ಎತ್ತಬೇಕು ಅನ್ನೋ ನಿಯಮ ಬಿಗಿ ಮಾಡಿದ್ರು, ಅದನ್ನೂ ಸೇರಿಸಿ. ನಿಮ್ಮ ಕೇಸಲ್ಲೂ ಆಗಿದ್ದು ಅದೇ ಅಲ್ವಾ, ಬರಬೇಕಾದ ಕಡೆ ಬರಲಿಲ್ಲ. ಇತ್ತ ನ್ಯೂಯಾರ್ಕಲ್ಲಿ 2011ರಲ್ಲಿ ಒಂದೇ ವರ್ಷ ಸುಮಾರು 6,85,000 ಸಲ ಜನರನ್ನ ಬೀದೀಲಿ ತಡೆದು ನಿಲ್ಲಿಸಿದ್ರು, ಹತ್ತರಲ್ಲಿ ಒಂಬತ್ತು ಜನ ಅಂತನ್ನಿ, ಏನೂ ಸಿಗದೆ ಬಿಟ್ಟು ಕಳಿಸಿದ್ದು, ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಹುಡುಗರು. 2013ರಲ್ಲಿ ಕೋರ್ಟ್ ಇದನ್ನ ಮಾಡ್ತಿರೋ ರೀತಿ ಸಂವಿಧಾನಕ್ಕೆ ವಿರುದ್ಧ ಅಂತು. ತಡೆಯೋದು ಪಾತಾಳಕ್ಕೆ ಇಳೀತು, ಕೊಲೆ ಏರುತ್ತೆ ಅಂತ ಹೆದರಿಸಿದ್ರು, 2011ರಲ್ಲಿ 515 ಇದ್ದಿದ್ದು 2014ರಲ್ಲಿ 333. ಅಷ್ಟೊಂದು ಹುಡುಗರ ಜೇಬು ತಡಕೋ ಹೊತ್ತಲ್ಲಿ ನಿಮ್ಮಂಥೋರ ಫೋನ್ ಎತ್ತಬಹುದಿತ್ತಲ್ಲ.

ಕೆಂಪುಕೊಡೆ:
ಆ ಹೊತ್ತು ನನ್ನ ಫೋನಿಗೆ ಸಿಗುತ್ತೆ ಅಂತ ಬರ್ಕೊಡ್ತೀರಾ? ಸಿಕ್ಕಿದ್ರೆ ಒಪ್ಕೋತೀನಿ.

ಸುಮ್ನೆಓದೋನು:
ನಾನು ಸಾಮಾನ್ಯ ಬರೆಯಲ್ಲ. ಎಲ್ಲ ಪೊಲೀಸ್ ಸುತ್ತಾನೇ ಸುತ್ತುತ್ತಿದೆ ಅಂತ ಹೇಳ್ತಿದೀನಿ. ನ್ಯೂಯಾರ್ಕಲ್ಲೇ 2016ರಲ್ಲಿ ಸರ್ಕಾರಿ ವಸತಿ ಬಿಲ್ಡಿಂಗ್‌ಗಳ ಹತ್ರ ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಮಾತ್ರ ದೊಡ್ಡ ಲೈಟ್ ಕಂಬ ನಿಲ್ಲಿಸಿದ್ರು, ರಾತ್ರಿ ಹೊರಗಡೆ ನಡೆಯೋ ಗಂಭೀರ ಅಪರಾಧ ಸುಮಾರು ಶೇಕಡಾ 36 ಇಳೀತು. ಫಿಲಡೆಲ್ಫಿಯಾದಲ್ಲಿ ಖಾಲಿ ಸೈಟ್ ಕಸ ಎತ್ತಿ ಹುಲ್ಲು ಹಾಕಿ ಬೇಲಿ ಕಟ್ಟಿದ್ರು, ಬಡವರಿರೋ ಏರಿಯಾಗಳಲ್ಲಿ ಗುಂಡು ಹಾರೋದು ಶೇಕಡಾ 29 ಕಡಿಮೆ ಆಯ್ತು. ಲೈಟ್ ಬಲ್ಬಿಗೆ ಯೂನಿಫಾರಂ ಬೇಡ, ಲಂಚಾನೂ ಬೇಡ.

ಮೂರನೇಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಕೆಂಪುಕೊಡೆ ಮೇಡಂ, ನೀವು ಹೇಳಿದ್ದು ಚುಚ್ಚಿತು, ನಮ್ಮಲ್ಲೂ ವಾಚ್‌ಮನ್ ಇದಾರೆ, ನಿಜ.

ನೈಟ್‌ಶಿಫ್ಟ್ ಸಾರ್, ಕೇಳಿದೆ. ಫೋನ್ ಮಾಡಿದ್ದು ಕೆಳಗಿನ ಮನೆ ಅಂಕಲ್. "ಚಾಕು ಇದೆ ಅಂದೆ, ಇಲ್ಲಾಂದ್ರೆ ಬರ್ತಿದ್ರಾ" ಅಂದ್ರು, ತಪ್ಪು ಮಾಡಿದೀನಿ ಅನ್ನೋ ಭಾವನೇನೇ ಇಲ್ಲ ಮುಖದಲ್ಲಿ. ಹುಡುಗನ ಕೈಯಲ್ಲಿದ್ದಿದ್ದು ಚಪ್ಪಲಿ.

ಅರ್ಜಿ ಮತ್ತೆ ಬರೀತಿದೀವಿ. ಗಸ್ತು ಡಬಲ್ ಅನ್ನೋದು ತೆಗೆದು ಬಸ್ ಸ್ಟಾಪ್ ಪಕ್ಕದ ಗಲ್ಲಿ, ರಾತ್ರಿ ಒಂಬತ್ತರಿಂದ ಹನ್ನೊಂದು ಅಂತ ಹಾಕಿದೀನಿ, ಎರಡನೇ ಮಹಡಿ ಮೆಟ್ಟಿಲ ಲೈಟ್ ಕೆಟ್ಟು ಎಂಟು ತಿಂಗಳಾಗಿದೆ ಅಂತಾನೂ. ಕ್ಯಾಮೆರಾಗೆ ಮಾತ್ರ ಅಂಕಲ್ ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ.

ನೈಟ್‌ಶಿಫ್ಟ್:
ಮೆಟ್ಟಿಲ ಲೈಟಿಗೆ ಪೊಲೀಸ್‌ಗೆ ಅರ್ಜಿ ಯಾಕೆ ಮಾರಾಯ್ರೆ, ಅದು ನೀವೇ ಹಾಕ್ಸಿ.